ಯುದ್ಧ ಕಂಡ ಊರುಗಳಿಗೆ ನಮ್ಮ ಪ್ರವಾಸ

ಬಾಸಿ ಈದ್‌ನ ದಿನ ವಳಕಮದಿನ್ನಿ, ಮಸ್ಕಿ, ಸಿಂಧನೂರು ಕಡೆಯ ನಮ್ಮ ಮನೆಗಳಲ್ಲಿ ಯಾರೂ ಉಳಿಯುವುದಿಲ್ಲ. ಎರಡು ಮೂರು ಕುಟುಂಬ ಸೇರಿ ಒಂದು ಕ್ರೂಸರ್ ಗೊತ್ತು ಮಾಡಿಕೊಂಡು, ಡಬ್ಬಿಗಳಿಗೆ ಬಿರಿಯಾನಿ ತುಂಬಿಕೊಂಡು, ಕಾರಟಗಿ, ಗಂಗಾವತಿ ಮಾರ್ಗವಾಗಿ ಹಂಪಿಗೆ ಹೋಗಿಬರುವುದು ಹಲವು ವರ್ಷಗಳ ವಾಡಿಕೆ. ವರ್ಷಕ್ಕೊಮ್ಮೆ ಹೆಣ್ಣುಮಕ್ಕಳು ಒಲೆಯ ಮುಂದಿನಿಂದ ಎದ್ದು ಬರುವ ದಿನ ಅದು.

ಹೋದ ಸಲ ನಾವು ಉಗ್ರ ನರಸಿಂಹನ ಮೂರ್ತಿಯ ಮುಂದೆ ನಿಂತಿದ್ದೆವು. ಪಕ್ಕದ ಗುಂಪಿಗೆ ಗೈಡ್ ಒಬ್ಬರು ವಿವರಿಸುತ್ತಿದ್ದರು. ಮೂರ್ತಿಯ ಎತ್ತರ, ಕಲ್ಲು, ಕೃಷ್ಣದೇವರಾಯನ ಕಾಲ ಎಲ್ಲ ಹೇಳಿ ಕೊನೆಗೆ, ‘ಮುಸಲ್ಮಾನರು ಬಂದು ಒಡೆದರು ಸರ್’ ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಗುಂಪಿನವರು ಮೂರ್ತಿಯನ್ನು ನೋಡಿದರು, ಆಮೇಲೆ ನಮ್ಮ ಹೆಣ್ಣುಮಕ್ಕಳ ಬುರ್ಖಾಗಳನ್ನು ನೋಡಿದರು. ಯಾರೂ ಕೆಟ್ಟ ಮಾತು ಆಡಲಿಲ್ಲ, ಅದನ್ನೂ ಹೇಳಬೇಕು. ಆದರೆ ವಾಪಸ್ ಬರುವಾಗ ಗಂಗಾವತಿ ದಾಟುವಷ್ಟರಲ್ಲಿ ಐದನೇ ತರಗತಿಯ ನಮ್ಮ ಹುಡುಗಿಯೊಬ್ಬಳು ಕೇಳಿದಳು: ‘ಅಬ್ಬಾ, ನಾವು ಅದನ್ನ ಯಾಕೆ ಒಡೆದ್ವಿ?’

ಗಾಡಿಯಲ್ಲಿ ಹನ್ನೆರಡು ಜನ ದೊಡ್ಡವರಿದ್ದೆವು. ಒಬ್ಬರೂ ಉತ್ತರ ಕೊಡಲಿಲ್ಲ.

ಆ ಪ್ರಶ್ನೆಯ ಬೆನ್ನು ಹಿಡಿದು ನಾವು ಒಂದಷ್ಟು ಓದಿದೆವು, ಬಲ್ಲವರನ್ನು ಕೇಳಿದೆವು. ಯುದ್ಧದಲ್ಲಿ ಹಾಳಾದ ಊರಿಗೆ ಜನ ನೋಡಲು ಬರತೊಡಗಿದಾಗ ಆ ಊರಿಗೆ ಏನಾಗುತ್ತದೆ? ಬಂದ ಹಣ ಯಾರಿಗೆ ಸೇರುತ್ತದೆ? ಅಲ್ಲಿ ನಡೆದದ್ದರ ಕಥೆಯನ್ನು ಹೇಳುವವರು ಯಾರು? ಈ ಲೇಖನ ಅದರ ಬಗ್ಗೆ.

ಸರ್ಕಾರಿ ಕಾಗದಗಳಲ್ಲಿ ಈಗ ‘ಸುಸ್ಥಿರ ಪ್ರವಾಸೋದ್ಯಮ’ ಎಂಬ ಮಾತು ಬಹಳ ಬರುತ್ತದೆ. ಕಾಲುವೆ ನೀರು ಕಂಡ ನಮ್ಮ ಸೀಮೆಯವರಿಗೆ ಇದನ್ನು ಅರ್ಥ ಮಾಡಿಸುವುದು ಕಷ್ಟವಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಬಂದಾಗ ಸಿಂಧನೂರು ಸೀಮೆಯ ಒಣ ಎರೆಭೂಮಿ ಭತ್ತದ ಗದ್ದೆಯಾಯಿತು. ಕಾಲುವೆಯ ಮೇಲ್ಭಾಗದವರು ಬೇಕಾದ್ದಕ್ಕಿಂತ ಹೆಚ್ಚು ನೀರು ಹರಿಸಿಕೊಂಡರು. ಕೊನೆಯ ಭಾಗದವರು ಒಣಗಿದ ಕಾಲುವೆಯ ಪಕ್ಕ ಧರಣಿ ಕೂತರು. ನೀರು ಹೆಚ್ಚಾದ ಕಡೆ ಭೂಮಿ ಜೌಗು ಹಿಡಿದು ಸವುಳಾಯಿತು, ಬೆಳೆಯೇ ಬರದ ಹೊಲಗಳಾದವು. ಪ್ರವಾಸಿಗರ ಹಣವೂ ಹೀಗೆಯೇ ಹರಿಯುತ್ತದೆ. ಹದವಾಗಿ ಹರಿದು, ಕೊನೆಯ ಮನೆಯವರೆಗೆ ಮುಟ್ಟಿ, ಮುಂದಿನ ಪೀಳಿಗೆಗೂ ನೆಲ ಉಳಿದರೆ ಅದು ಸುಸ್ಥಿರ. ಇಲ್ಲವಾದರೆ ಸವುಳು.

ಯುದ್ಧ ಕಂಡ ಊರಿನಲ್ಲಿ ಇದರ ಜೊತೆಗೆ ಇನ್ನೊಂದು ತೊಡಕಿದೆ. ಅಲ್ಲಿ ನೋಡಲು ಇಟ್ಟಿರುವುದೇ ಒಬ್ಬರ ಸೋಲು, ಇನ್ನೊಬ್ಬರ ಗೆಲುವು, ಮತ್ತೊಬ್ಬರ ಮನೆಯ ಸಾವು.

ನಮ್ಮ ಸೀಮೆಗೆ ಈ ಮಾತು ಹೊಸದಲ್ಲ. ಕೃಷ್ಣೆ ತುಂಗಭದ್ರೆಯರ ನಡುವಿನ ಈ ನೆಲವನ್ನು ರಾಯಚೂರು ದೋಆಬ್ ಎನ್ನುತ್ತಾರೆ. ದೋಆಬ್ ಎಂದರೆ ಫಾರಸಿಯಲ್ಲಿ ಎರಡು ನೀರು. ಬಹಮನಿಗಳು ಮತ್ತು ವಿಜಯನಗರದವರು, ಆಮೇಲೆ ಬಿಜಾಪುರದ ಆದಿಲ್‌ಶಾಹಿಗಳು ಮತ್ತು ವಿಜಯನಗರದವರು, ಸುಮಾರು ಇನ್ನೂರು ವರ್ಷ ಇದಕ್ಕಾಗಿ ಕಾದಾಡಿದರು. ರಾಯಚೂರು ಮತ್ತು ಮುದಗಲ್ ಕೋಟೆಗಳು ಎಷ್ಟು ಸಲ ಕೈ ಬದಲಾಯಿಸಿದವೋ ಲೆಕ್ಕ ಇಡುವುದೇ ಕಷ್ಟ. 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದ. 1565ರ ಜನವರಿಯಲ್ಲಿ ಕೃಷ್ಣೆಯ ದಡದಲ್ಲಿ ನಡೆದ ಯುದ್ಧದಲ್ಲಿ ರಾಮರಾಯ ಸೋತು ಸತ್ತ. ಅದನ್ನೇ ತಾಳಿಕೋಟೆ ಯುದ್ಧ ಅಥವಾ ರಕ್ಕಸ-ತಂಗಡಿ ಯುದ್ಧ ಎಂದು ಕರೆಯುವುದು. ಗೆದ್ದ ಸೈನ್ಯ ರಾಜಧಾನಿಗೆ ನುಗ್ಗಿತು.

ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಹೊರಡಬೇಕು. ಒಡೆದದ್ದು ಸುಳ್ಳೇ? ಸುಳ್ಳಲ್ಲ. ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ, ಬೀದರ್‌ಗಳ ಸುಲ್ತಾನರು ಒಂದಾಗಿ ಗೆದ್ದರು, ನಗರ ಲೂಟಿಯಾಯಿತು, ಬೆಂಕಿ ಬಿತ್ತು, ತಿಂಗಳುಗಟ್ಟಲೆ ಹಾಳಾಯಿತು. ಇದನ್ನು ನಮ್ಮ ಮಕ್ಕಳಿಗೆ ಮುಚ್ಚಿಡುವುದು ತಪ್ಪು. ಆದರೆ ‘ಮುಸಲ್ಮಾನರು ಬಂದು’ ಎಂಬುದು ಅರ್ಧ ಕಥೆಯೂ ಅಲ್ಲ. ಅದೇ ರಾಮರಾಯ ಅದಕ್ಕೂ ಮೊದಲು ಬಿಜಾಪುರದ ಸುಲ್ತಾನನ ಜೊತೆ ಸೇರಿ ಅಹಮದ್‌ನಗರದ ಮೇಲೆ ದಂಡೆತ್ತಿ ಹೋಗಿದ್ದ. ವಿಜಯನಗರದ ದಂಡಿನಲ್ಲಿ ಮುಸ್ಲಿಂ ಸೈನಿಕರೂ ಸರದಾರರೂ ಇದ್ದರು. ಸುಲ್ತಾನರ ದಂಡಿನಲ್ಲಿ ಮರಾಠರು ಇದ್ದರು. ಹಂಪಿಯಲ್ಲೇ ಅಹ್ಮದ್ ಖಾನ್ ಎಂಬ ಅಧಿಕಾರಿ 1439ರಲ್ಲಿ ಕಟ್ಟಿಸಿದ ಮಸೀದಿ ಇವತ್ತಿಗೂ ನಿಂತಿದೆ. ತನ್ನ ಒಡೆಯ ಇಮ್ಮಡಿ ದೇವರಾಯನಿಗೆ ಪುಣ್ಯವಾಗಲಿ ಎಂದು ಕಟ್ಟಿಸಿದ್ದಾಗಿ ಅದರ ಕನ್ನಡ ಶಾಸನ ಹೇಳುತ್ತದೆ. ಮಸೀದಿಯನ್ನು ಆ ಶಾಸನ ‘ಧರ್ಮಸಾಲೆ’ ಎಂದೇ ಕರೆಯುತ್ತದೆ. ಆ ಗೈಡ್ ತಮ್ಮ ಗುಂಪನ್ನು ಅಲ್ಲಿಗೆ ಕರೆದುಕೊಂಡು ಹೋದರೋ ಇಲ್ಲವೋ ನಾವು ಕಾಣೆವು. ನಾವೇ ಇಷ್ಟು ವರ್ಷ ಹೋಗಿ ಬಂದರೂ ಅದನ್ನು ನೋಡಿರಲಿಲ್ಲ. ತಪ್ಪನ್ನು ಬರೀ ಗೈಡ್ ತಲೆಗೆ ಕಟ್ಟುವಂತಿಲ್ಲ.

ಗೈಡ್ ಹೇಳುವ ಕಥೆ ಮುಖ್ಯ ಎನ್ನುವುದಕ್ಕೆ ಬೊಸ್ನಿಯಾದ ಮೊಸ್ತಾರ್ ಊರನ್ನು ನೋಡಿ. ನೆರೆಟ್ವಾ ನದಿಗೆ ಉಸ್ಮಾನಿಯಾ ಸುಲ್ತಾನ್ ಸುಲೈಮಾನ್ ಕಾಲದಲ್ಲಿ ಮೀಮಾರ್ ಹೈರುದ್ದೀನ್ ಎಂಬ ಶಿಲ್ಪಿ ಒಂದೇ ಕಮಾನಿನ ಕಲ್ಲು ಸೇತುವೆ ಕಟ್ಟಿದ. ಅದು ಮುಗಿದದ್ದು 1566ರಲ್ಲಿ, ಅಂದರೆ ನಮ್ಮ ಹಂಪಿ ಹಾಳಾದ ಮರುವರ್ಷ. ನಾನ್ನೂರಕ್ಕೂ ಹೆಚ್ಚು ವರ್ಷ ನಿಂತ ಸೇತುವೆಯನ್ನು 1993ರ ನವೆಂಬರ್ 9ರಂದು ಕ್ರೊವಾಟ್ ಪಡೆಗಳು ಗುಂಡು ಹಾಕಿ ನದಿಗೆ ಕೆಡವಿದವು. ಯುದ್ಧ ನಿಂತ ಮೇಲೆ ಜಗತ್ತಿನ ಹಲವು ದೇಶಗಳ ಹಣ ಸೇರಿತು. ಅದೇ ಸೀಮೆಯ ಕಲ್ಲು ತಂದು, ಹಳೆಯ ವಿಧಾನದಲ್ಲೇ ಕಟ್ಟಿ 2004ರ ಜುಲೈನಲ್ಲಿ ತೆರೆದರು. ಮರುವರ್ಷ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಪ್ರವಾಸಿಗರು ಮುಗಿಬಿದ್ದರು. ಸೇತುವೆಯ ಮೇಲಿಂದ ಯುವಕರು ನದಿಗೆ ಜಿಗಿಯುವುದನ್ನು ನೋಡಲು ಜನ ದುಡ್ಡು ಕೊಡುತ್ತಾರೆ.

ಆದರೆ ಸೇತುವೆ ಎದ್ದಷ್ಟು ಸುಲಭವಾಗಿ ಊರು ಏಳಲಿಲ್ಲ. ಬೊಸ್ನಿಯಾಕ್ ಮುಸ್ಲಿಮರು ಹೆಚ್ಚಾಗಿ ಒಂದು ಕಡೆ, ಕ್ರೊವಾಟರು ಹೆಚ್ಚಾಗಿ ಇನ್ನೊಂದು ಕಡೆ. ಮಕ್ಕಳಿಗೆ ಒಂದೇ ಕಟ್ಟಡದಲ್ಲಿ ಬೇರೆ ಬೇರೆ ಪಾಠ. ಅಧಿಕಾರ ಹಂಚಿಕೆಯ ಜಗಳದಿಂದ 2008ರ ನಂತರ 2020ರವರೆಗೆ ಆ ನಗರದಲ್ಲಿ ಸ್ಥಳೀಯ ಚುನಾವಣೆಯೇ ನಡೆಯಲಿಲ್ಲ. ಪ್ರವಾಸಿಗರಲ್ಲಿ ಬಹಳ ಮಂದಿ ಕ್ರೊವೇಶಿಯಾದ ಕಡಲ ತೀರದಿಂದ ಬಸ್ಸಿನಲ್ಲಿ ಬಂದು, ಎರಡು ಗಂಟೆ ಫೋಟೊ ತೆಗೆದು ಹೋಗಿಬಿಡುತ್ತಾರೆ. ರಾತ್ರಿ ಊಟದ ಬಿಲ್ಲು ಬೇರೆ ದೇಶದಲ್ಲಿ ಕಟ್ಟುತ್ತಾರೆ. ನಾವು ಡಬ್ಬಿಯಲ್ಲಿ ಬಿರಿಯಾನಿ ಕಟ್ಟಿಕೊಂಡು ಹೋಗುವುದೂ ಸ್ವಲ್ಪ ಹಾಗೆಯೇ ಅಲ್ಲವೇ ಎಂದು ಮನೆಯಲ್ಲಿ ಒಬ್ಬರು ನಕ್ಕರು. ಹಲಾಲ್ ಊಟದ ಚಿಂತೆ ನಮಗಿದೆ, ನಿಜ. ಹಾಗಿದ್ದರೂ ನಕ್ಕದ್ದರಲ್ಲಿ ಸತ್ಯವಿದೆ.

ಶ್ರೀಲಂಕಾದ್ದು ಇನ್ನೂ ಕಹಿಯಾದ ಪಾಠ. 1990ರ ಅಕ್ಟೋಬರ್‌ನಲ್ಲಿ ಎಲ್‌ಟಿಟಿಇ ಉತ್ತರ ಪ್ರಾಂತದ ಮುಸ್ಲಿಮರನ್ನೆಲ್ಲ ಹೊರಹಾಕಿತು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ. ಜಾಫ್ನಾ ಪಟ್ಟಣದವರಿಗೆ ಸಿಕ್ಕ ಗಡುವು ಎರಡು ಗಂಟೆ. 2009ರ ಮೇ ತಿಂಗಳಲ್ಲಿ ಯುದ್ಧ ಮುಗಿದ ಮೇಲೆ ದಕ್ಷಿಣದಿಂದ ಬಸ್ಸುಗಟ್ಟಲೆ ಜನ ಉತ್ತರವನ್ನು ನೋಡಲು ಹೋದರು. ಕಡಲ ತೀರದಲ್ಲಿ ಸೈನ್ಯವೇ ಹೊಟೇಲು ನಡೆಸಿತು. ಗೆದ್ದವರ ಸ್ಮಾರಕಗಳು ಎದ್ದವು. ಆದರೆ ಊರು ಬಿಟ್ಟು ಹೋದ ತಮಿಳರಲ್ಲಿ, ಮುಸ್ಲಿಮರಲ್ಲಿ ಅನೇಕರು ತಮ್ಮ ಜಮೀನು ಹಿಂದಕ್ಕೆ ಪಡೆಯಲು ವರ್ಷಗಟ್ಟಲೆ ಅಲೆದರು. ಮನೆಯವನು ಹೊರಗೆ ನಿಂತಿರುವಾಗಲೇ ಅತಿಥಿಗೆ ಕೋಣೆ ಸಿದ್ಧವಾಯಿತು.

ದೂರದ್ದು ಸಾಕು. ಹಂಪಿಗೇ ಬರೋಣ. 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಂಪಿಯನ್ನು 1999ರಲ್ಲಿ ‘ಅಪಾಯದಲ್ಲಿರುವ ಪರಂಪರೆ’ ಎಂದು ಗುರುತಿಸಿದರು. ಆನೆಗೊಂದಿ ಕಡೆಗೆ ಕಟ್ಟುತ್ತಿದ್ದ ಸೇತುವೆ ಅದಕ್ಕೆ ಮುಖ್ಯ ಕಾರಣ. 2006ರಲ್ಲಿ ಆ ಪಟ್ಟಿಯಿಂದ ಹೊರಬಂತು. 2009ರಲ್ಲಿ ಕಟ್ಟುತ್ತಿದ್ದ ಸೇತುವೆಯೇ ಕುಸಿದು ಕೂಲಿಗಳು ಸತ್ತರು. ಅಷ್ಟರಲ್ಲಿ ವಿರೂಪಾಕ್ಷ ದೇವಸ್ಥಾನದ ಮುಂದಿನ ಹಳೆಯ ಬಜಾರಿನ ಕಲ್ಲು ಮಂಟಪಗಳಲ್ಲಿ ಅಂಗಡಿ, ಮನೆ, ಚಹಾ ಹೊಟೇಲು ಬೆಳೆದಿದ್ದವು. ಮಂಟಪಗಳಿಗೆ ಧಕ್ಕೆಯಾಗುತ್ತಿತ್ತು ಎಂಬುದನ್ನು ಅಲ್ಲಗಳೆಯಲಾಗದು. 2011ರ ಜುಲೈ ಕೊನೆಯಲ್ಲಿ ಬುಲ್ಡೋಜರ್‌ಗಳು ಬಂದವು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಿದ್ದವು. ಅವರಿಗೆ ಕಡ್ಡಿರಾಂಪುರದ ಕಡೆ ಜಾಗ ಗೊತ್ತು ಮಾಡಿದರು. ಆದರೆ ದೇವಸ್ಥಾನದ ಮುಂದೆ ಬಾಳೆಹಣ್ಣು ಮಾರುವವಳಿಗೆ ಪ್ರವಾಸಿ ಬಾರದ ಕಡೆ ನಿವೇಶನ ಕೊಟ್ಟರೆ ಅವಳು ಯಾರಿಗೆ ಮಾರಬೇಕು? 2020ರಲ್ಲಿ ನದಿಯಾಚೆ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳನ್ನು ಸುಪ್ರೀಂ ಕೋರ್ಟ್ ಆದೇಶದ ಮೇಲೆ ಕೆಡವಿದರು. ಮೊದಲು ಹತ್ತಾರು ವರ್ಷ ಸುಮ್ಮನಿದ್ದು, ಎಲ್ಲ ಬೆಳೆದ ಮೇಲೆ ಒಂದೇ ದಿನ ಕೆಡವುವುದು ನಮ್ಮಲ್ಲಿ ರೂಢಿಯಾಗಿದೆ. ಕಲ್ಲನ್ನೂ ಉಳಿಸಬೇಕು, ಕಲ್ಲಿನ ನೆರಳಲ್ಲಿ ಬದುಕುವವರನ್ನೂ ಉಳಿಸಬೇಕು. ಎರಡನ್ನೂ ಮೊದಲ ದಿನವೇ ಕೂತು ಯೋಚಿಸಬೇಕಾದ ಕೆಲಸ. ಆನೆಗೊಂದಿಯಲ್ಲಿ ಕಿಷ್ಕಿಂದ ಟ್ರಸ್ಟ್‌ನವರು ಊರಿನ ಹೆಂಗಸರಿಗೆ ಬಾಳೆ ನಾರಿನಿಂದ ಚೀಲ, ಟೊಪ್ಪಿಗೆ ಹೆಣೆಯುವುದನ್ನು ಕಲಿಸಿದರು, ಹಳೆಯ ಮನೆಗಳನ್ನು ಕೆಡವದೆ ದುರಸ್ತಿ ಮಾಡಿ ಅತಿಥಿಗಳಿಗೆ ಕೊಟ್ಟರು. ದೊಡ್ಡ ಲಾಭದ ಕೆಲಸವೇನಲ್ಲ. ಬಾಳೆ ಗೊನೆ ಕಡಿದ ಮೇಲೆ ಎಸೆಯುತ್ತಿದ್ದ ದಿಂಡು ಹೆಂಗಸರ ಕೈಯಲ್ಲಿ ದುಡ್ಡಾಯಿತು, ಅಷ್ಟೇ. ಆ ದುಡ್ಡು ಊರಲ್ಲೇ ಉಳಿಯಿತು.

ಹಂಪಿ ಈ ಕಾಲುವೆಯ ಮೇಲ್ಭಾಗ. ಮಸ್ಕಿ, ಮುದಗಲ್ ಕೊನೆಯ ಭಾಗ; ನೀರು ಇನ್ನೂ ನಮ್ಮ ತನಕ ಬಂದಿಲ್ಲ. ಬರುವ ಮುನ್ನ ನಮ್ಮ ಹತ್ತಿರ ಏನಿದೆ ಎಂದು ನಾವು ತಿಳಿದಿರಬೇಕು.

ಮಸ್ಕಿಯ ದುರ್ಗದಗುಡ್ಡದ ಶಾಸನವನ್ನು ನಮ್ಮಲ್ಲಿ ಎಷ್ಟು ಜನ ನೋಡಿದ್ದೇವೆ? 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್ ಅದನ್ನು ಕಂಡ. ಅಲ್ಲಿಯವರೆಗೆ ದೇಶದ ಬಂಡೆಗಳ ಮೇಲೆ ‘ದೇವಾನಾಂಪ್ರಿಯ’ ಎಂಬ ಬಿರುದು ಮಾತ್ರ ಸಿಕ್ಕಿತ್ತು. ಆ ರಾಜ ಅಶೋಕನೇ ಎಂದು ಪಂಡಿತರು ಬೇರೆ ಗ್ರಂಥಗಳಿಂದ ಊಹಿಸಿದ್ದರು. ‘ಅಶೋಕ’ ಎಂಬ ಹೆಸರೇ ಕಲ್ಲಿನ ಮೇಲೆ ಮೊದಲು ಸಿಕ್ಕಿದ್ದು ನಮ್ಮ ಮಸ್ಕಿಯಲ್ಲಿ. ಕಳಿಂಗ ಯುದ್ಧ ಗೆದ್ದು, ಸತ್ತವರನ್ನು ಕಂಡು ಪಶ್ಚಾತ್ತಾಪ ಪಟ್ಟ ರಾಜ ಅವನು. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಹಿಡಿದೊಯ್ದರು ಎಂಬ ಲೆಕ್ಕವನ್ನು ಅವನೇ ತನ್ನ ಹದಿಮೂರನೇ ಬಂಡೆ ಶಾಸನದಲ್ಲಿ ಬರೆಸಿದ. ಆದರೆ ಕಳಿಂಗ ನಾಡಿನಲ್ಲೇ ಇರುವ ಧೌಲಿ, ಜೌಗಡ ಬಂಡೆಗಳ ಮೇಲೆ ಆ ಶಾಸನವನ್ನು ಬರೆಸಲಿಲ್ಲ. ಅದರ ಬದಲು, ಪ್ರಜೆಗಳನ್ನು ಮಕ್ಕಳಂತೆ ನೋಡಿಕೊಳ್ಳಬೇಕೆಂದು ಅಧಿಕಾರಿಗಳಿಗೆ ಬೇರೆ ಆದೇಶ ಹಾಕಿಸಿದ. ನಾಚಿಕೆಯೋ, ರಾಜಕೀಯವೋ ಅವರವರ ಓದಿಗೆ ಬಿಟ್ಟದ್ದು. ಗಾಯಗೊಂಡವರ ಅಂಗಳದಲ್ಲಿ ನಿಂತು ಗೆಲುವಿನ ಲೆಕ್ಕ ಓದಬಾರದು ಎಂದು ಅವನಿಗೆ ಹೊಳೆದಿರಬೇಕು ಎಂದು ನಮಗನ್ನಿಸುತ್ತದೆ.

ಮುದಗಲ್ ಕೋಟೆಯ ಕಥೆ ಬೇರೆ ಬಗೆಯದು. ಬಿಜಾಪುರದಲ್ಲಿ ಕೂತು ಇತಿಹಾಸ ಬರೆದ ಫರಿಷ್ತಾ ಹೇಳುವ ಪ್ರಕಾರ, 1366ರಲ್ಲಿ ಬುಕ್ಕರಾಯನ ಸೈನ್ಯ ಮುದಗಲ್ ಹಿಡಿದು ಕೋಟೆಯೊಳಗಿನವರನ್ನು ಕೊಂದಿತು, ತಪ್ಪಿಸಿಕೊಂಡವನು ಒಬ್ಬನೇ. ಸುದ್ದಿ ಕೇಳಿದ ಬಹಮನಿ ಸುಲ್ತಾನ ಮುಹಮ್ಮದ್ ಶಾಹ ಲಕ್ಷ ತಲೆ ತೆಗೆಯುವ ಶಪಥ ಮಾಡಿದ, ನಿರಪರಾಧಿಗಳನ್ನು ಕೊಲ್ಲಿಸಿದ. ಫರಿಷ್ತಾ ಕೊಡುವ ಸಂಖ್ಯೆಗಳನ್ನು ನಂಬಬೇಕಿಲ್ಲ. ಕೊನೆಗೆ ವಿಜಯನಗರದ ರಾಯಭಾರಿಗಳ ಮಾತಿಗೆ ಒಪ್ಪಿ, ಇನ್ನು ಮುಂದೆ ಯುದ್ಧದಲ್ಲಿ ಆಯುಧ ಹಿಡಿಯದವರನ್ನು ಎರಡೂ ಕಡೆಯವರು ಕೊಲ್ಲಬಾರದು ಎಂಬ ಒಪ್ಪಂದ ಆಯಿತಂತೆ. ಸೈನ್ಯ ಕಳುಹಿಸುವಾಗ ಹೆಂಗಸರು, ಮಕ್ಕಳು, ವೃದ್ಧರನ್ನು ಕೊಲ್ಲಬೇಡಿ, ಫಲ ಕೊಡುವ ಮರ ಕಡಿಯಬೇಡಿ ಎಂದು ಹ. ಅಬೂಬಕ್ಕರ್ (ರ) ಆಜ್ಞಾಪಿಸಿದ್ದನ್ನು ನಾವು ಖುತ್ಬಾದಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಆ ಆಜ್ಞೆ ಗೊತ್ತಿದ್ದ ಸುಲ್ತಾನನೇ ಅದನ್ನು ಮರೆತು, ಎದುರಾಳಿಯ ರಾಯಭಾರಿಗಳಿಂದ ನೆನಪಿಸಿಕೊಳ್ಳಬೇಕಾಯಿತು. ಈ ಒಪ್ಪಂದದ ಕಥೆ ಹೇಳುವ ಒಂದು ಫಲಕವನ್ನು ನಾವು ಮುದಗಲ್‌ನಲ್ಲಿ ಕಂಡಿಲ್ಲ.

ಇದೇ ಊರಿನಲ್ಲಿ ಮೊಹರಂಗೆ ಹುಸೇನಿ ಆಲಂ ನೋಡಲು ಹಿಂದೂಗಳೂ ಮುಸ್ಲಿಮರೂ ದೊಡ್ಡ ಸಂಖ್ಯೆಯಲ್ಲಿ ಸೇರುತ್ತಾರೆ. ಮೊಹರಂ ಆಚರಣೆಯ ಬಗ್ಗೆ ನಮ್ಮೊಳಗೇ ಭಿನ್ನಾಭಿಪ್ರಾಯವಿದೆ, ಅದು ಈ ಲೇಖನದ ವಿಷಯವಲ್ಲ. ಇನ್ನೂರು ವರ್ಷ ರಕ್ತ ಕಂಡ ಕೋಟೆಯ ಬಾಗಿಲಲ್ಲಿ ಎರಡೂ ಮನೆಯವರು ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರೆ ಎಂಬುದಷ್ಟೇ ನಾವು ಹೇಳುವುದು. ಮೊಸ್ತಾರ್‌ನಲ್ಲಿ ಇಷ್ಟು ಹಣ ಸುರಿದರೂ ಸುಲಭವಾಗಿ ಬಾರದ್ದು ಇಲ್ಲಿ ಪುಕ್ಕಟೆ ಇದೆ. ಆದರೆ ಆ ಜನಸಂದಣಿಗೆ ಬೇಕಾದಷ್ಟು ಶೌಚಾಲಯ ಇಲ್ಲ, ಹೆಂಗಸರ ಪಾಡು ಕೇಳುವಂತಿಲ್ಲ. ಮರುದಿನ ಕಂದಕದ ಕಡೆ ಹೋದರೆ ಪ್ಲಾಸ್ಟಿಕ್ ರಾಶಿ.

ಇನ್ನೊಂದು ಯುದ್ಧದ ಮಾತೂ ಇದೆ, ಅದನ್ನು ಯಾವ ಗೈಡೂ ಹೇಳುವುದಿಲ್ಲ. 1948ರ ಸೆಪ್ಟೆಂಬರ್‌ನ ‘ಪೊಲೀಸ್ ಆಕ್ಷನ್’ ನಡೆದದ್ದು ಐದೇ ದಿನ. ಅದಕ್ಕೆ ಮುಂಚೆ ರಜಾಕಾರರು ಹಿಂದೂ ಮನೆಗಳ ಮೇಲೆ ಮಾಡಿದ ಅನ್ಯಾಯ, ಅದಾದ ಮೇಲೆ ಹೈದರಾಬಾದ್ ಸೀಮೆಯ ಮುಸ್ಲಿಮರ ಮೇಲೆ ನಡೆದ ಕೊಲೆ, ಲೂಟಿ, ಎರಡೂ ನಮ್ಮ ಜಿಲ್ಲೆಗಳ ಹಿರಿಯರ ನೆನಪಿನಲ್ಲಿದ್ದವು. ನೆಹರೂ ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿ, ಸತ್ತವರು 27 ಸಾವಿರದಿಂದ 40 ಸಾವಿರ ಇರಬಹುದೆಂದು ಅಂದಾಜು ಮಾಡಿತು. ಆ ವರದಿ ದಶಕಗಳ ಕಾಲ ಹೊರಬರಲಿಲ್ಲ. ನಮ್ಮ ದಾದಿಯರು ಅದರ ಬಗ್ಗೆ ಕೇಳಿದರೆ ಮಾತು ಬದಲಿಸುತ್ತಿದ್ದರು. ಅದನ್ನು ಪ್ರವಾಸಿ ತಾಣ ಮಾಡಿ ಎಂದು ನಾವು ಕೇಳುವುದಿಲ್ಲ. ಆದರೆ 1565ರ ಲೆಕ್ಕವನ್ನು ಇವತ್ತಿನ ಮಗುವಿನ ಮುಖ ನೋಡಿ ಕೇಳುವ ದೇಶದಲ್ಲಿ, ತೀರ ಹತ್ತಿರದ ಗಾಯದ ಬಗ್ಗೆ ಇಷ್ಟು ಮೌನ ಏಕೆ ಎಂದಾದರೂ ಕೇಳಬಹುದು.

ಮೊನ್ನೆ ನಾಲ್ಕು ಮನೆಯವರು ಕೂತು ಮಾತಾಡಿದಾಗ ದೊಡ್ಡ ಯೋಜನೆಗಳೇನೂ ಹುಟ್ಟಲಿಲ್ಲ. ಕಾಲೇಜಿಗೆ ಹೋಗುವ ನಮ್ಮ ಹುಡುಗರು, ಹುಡುಗಿಯರು ಪ್ರವಾಸೋದ್ಯಮ ಇಲಾಖೆಯ ಗೈಡ್ ತರಬೇತಿಗೆ ಅರ್ಜಿ ಹಾಕಬೇಕು. ಕಥೆ ತಪ್ಪಾಗಿದೆ ಎಂದು ಗೊಣಗುವ ಬದಲು ಹೇಳುವವರಾಗಬೇಕು, ಒಡೆದದ್ದನ್ನೂ ಕಟ್ಟಿದ್ದನ್ನೂ ಸೇರಿಸಿ. ಮುದಗಲ್‌ನ ಹೆಂಗಸರ ಸಂಘದವರು ಜೋಳದ ರೊಟ್ಟಿ, ಪುಂಡಿಪಲ್ಲೆ ಊಟ ಮಾಡಿಕೊಡಲು ಮುಂದೆ ಬಂದರೆ ನಮ್ಮ ಡಬ್ಬಿ ಮನೆಯಲ್ಲೇ ಇರಲಿ. ಮೊಹರಂಗೆ ಮುಂಚೆ ಪುರಸಭೆಗೆ ಹೆಂಗಸರ ಶೌಚಾಲಯದ ಬೇಡಿಕೆ ಕೊಡಬೇಕು, ಎರಡೂ ಸಮುದಾಯದ ಸಹಿಯೊಂದಿಗೆ. ಕೋಟೆಯ ಒಳಗೆ ಮನೆ ಮಾಡಿಕೊಂಡಿರುವವರನ್ನು ಕೇಳದೆ ಅಲ್ಲಿ ಏನೂ ಆಗಬಾರದು ಎಂಬುದನ್ನು ಆ ಕಾಗದದಲ್ಲೇ ಬರೆಯಬೇಕು; ಹಂಪಿ ಬಜಾರಿನವರನ್ನು ಯಾರೂ ಹಾಗೆ ಮೊದಲೇ ಕೇಳಿರಲಿಲ್ಲ. ಒಬ್ಬ ಹಿರಿಯರಿಗೆ ಇದೆಲ್ಲ ಹಿಡಿಸಲಿಲ್ಲ. ‘ಜನ ಬಂದರೆ ಜಾಗದ ಬೆಲೆ ಏರುತ್ತದೆ, ಬಡವರೇ ಮೊದಲು ಮಾರಿ ಹೋಗುತ್ತಾರೆ’ ಎಂದರು. ಅದಕ್ಕೆ ನಮ್ಮಲ್ಲಿ ಪೂರ್ತಿ ಉತ್ತರ ಇರಲಿಲ್ಲ.

ಈ ಸಲದ ಬಾಸಿ ಈದ್‌ಗೆ ಗಾಡಿ ಮೊದಲು ಮಸ್ಕಿಯ ಗುಡ್ಡಕ್ಕೆ, ಅಲ್ಲಿಂದ ಲಿಂಗಸುಗೂರು ದಾಟಿ ಮುದಗಲ್‌ಗೆ. ಊಟ ಅಲ್ಲೇ ಹೇಳಿಟ್ಟಿದ್ದೇವೆ. ಆ ಹುಡುಗಿ ಈಗ ಆರನೇ ತರಗತಿ. ಕೋಟೆಯ ಕಥೆ ಹೇಳುವ ಕೆಲಸ ಅವಳಿಗೇ ಒಪ್ಪಿಸಿದ್ದೇವೆ. ಫರಿಷ್ತಾ ಬರೆದ ಅಕ್ಕಸಾಲಿಗನ ಮಗಳು ಪಾರ್ತಲ್‌ಳ ಕಥೆಯನ್ನು ಅವಳು ಈಗಾಗಲೇ ಬಾಯಿಪಾಠ ಮಾಡಿದ್ದಾಳೆ. ಮುದಗಲ್‌ನ ಆ ಹುಡುಗಿಗಾಗಿ 1406ರಲ್ಲಿ ಎರಡು ರಾಜ್ಯಗಳು ಕಾದಾಡಿದವಂತೆ. ವಿಜಯನಗರದ ರಾಯ ಚಿನ್ನ, ಒಡವೆ ಕಳುಹಿಸಿ ಕರೆದಾಗ ಪಾರ್ತಲ್ ‘ನಾನು ಬರುವುದಿಲ್ಲ’ ಎಂದಳಂತೆ. ಆ ಜಾಗ ಬಂದಾಗಲೆಲ್ಲ ನಮ್ಮ ಹುಡುಗಿ ಧ್ವನಿ ಏರಿಸುತ್ತಾಳೆ. ಬರುವವರು ಈದ್‌ಗೆ ಮೂರು ದಿನ ಮುಂಚೆ ಇಶಾ ನಮಾಜಿನ ನಂತರ ಹೆಸರು ಕೊಡಿ. ಈ ಸಲ ಎರಡು ಕ್ರೂಸರ್ ಬೇಕಾಗುವಂತೆ ಕಾಣುತ್ತದೆ.